ಹೈಡ್ರೋಜನ್ ಕುಡಿಯದ ಕುಸುಬೆ ಎಣ್ಣೆ: ಗುಜರಿ ರಿಯಾಕ್ಟರ್ ರಿಪೇರಿಯ ಕಥೆ

ಹೈಡ್ರೋಜನ್ ವಾಲ್ವ್ ಮುಚ್ಚಿ, ಗೇಜ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದೆವು. ಒತ್ತಡ ತೋರಿಸುವ ಮುಳ್ಳು 5 ಬಾರ್ ಮೇಲೆ ನಿಂತಿತ್ತು (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಒಳಗೆ ಎಣ್ಣೆ ಹೈಡ್ರೋಜನ್ ಕುಡಿಯುತ್ತಿದ್ದರೆ ಮುಳ್ಳು ಸರಸರ ಇಳಿಯಬೇಕು. ಇಳಿಯಲೇ ಇಲ್ಲ ಅಂತಲ್ಲ, ಇಳಿಯಿತು. ಆದರೆ 5ರಿಂದ 4ಕ್ಕೆ ಬರಲು ಆರೂವರೆ ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಒಬ್ಬ ಹುಡುಗ ಹೊರಗೆ ಹೋಗಿ ಚಹಾ ಕುಡಿದು ಬಂದಿದ್ದ.

ನಾನು ಕಲಬುರಗಿಯ ಒಂದು ಕಾಲೇಜಿನ ಕೆಮಿಕಲ್ ಲ್ಯಾಬ್ ನೋಡಿಕೊಳ್ಳುವವನು. ಕೊನೆಯ ವರ್ಷದ ನಾಲ್ಕು ಹುಡುಗರು ಪ್ರಾಜೆಕ್ಟ್‌ಗೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ರಿಯಾಕ್ಟರ್, ಅಂದರೆ ಒತ್ತಡ ತಡೆಯುವ ಮುಚ್ಚಿದ ಪಾತ್ರೆ, ಬೇಕು ಅಂದರು. ನಮ್ಮ ಕಡೆ ಎರಿ ಹೊಲದಲ್ಲಿ ಹಿಂಗಾರಿ ಜೋಳದ ಜೊತೆ ಕುಸುಬೆ ಬೆಳೆಯುತ್ತಾರೆ, ಎಣ್ಣೆ ಸುಲಭಕ್ಕೆ ಸಿಗುತ್ತದೆ. ಅದನ್ನು ಪೂರ್ತಿ ಗಟ್ಟಿ ಮಾಡಿ ಮೇಣದಬತ್ತಿಗೆ ಬಳಸೋಣ ಅನ್ನುವುದು ಅವರ ಲೆಕ್ಕ. ತಿನ್ನಲಿಕ್ಕಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಮನೆಯಲ್ಲಿ ಇದನ್ನು ಕೇಳಿದ ತಕ್ಷಣ "ಡಾಲ್ಡಾ ಮಾಡ್ಲಕತ್ತೀರೇನ್ರಿ?" ಅಂದರು.

ಕೇಳಿದ್ದು ತಪ್ಪೇನಲ್ಲ. ಡಾಲ್ಡಾ ನಮ್ಮ ದೇಶಕ್ಕೆ ಬಂದದ್ದು 1937ರಲ್ಲಿ, ಅದರ ಹಿಂದಿನ ವಿದ್ಯೆ ಇದೇ. ನಿಕಲ್ ಪುಡಿಯ ಮೇಲೆ ಆವಿಗೆ ಹೈಡ್ರೋಜನ್ ಸೇರಿಸುವುದನ್ನು ಫ್ರಾನ್ಸಿನ ಪಾಲ್ ಸಬಾಟಿಯೆ ತೋರಿಸಿದ. 1912ರಲ್ಲಿ ಅವನಿಗೆ ನೊಬೆಲ್ ಬಂತು. ಆವಿಯಲ್ಲ, ದ್ರವ ಎಣ್ಣೆಗೇ ಸೇರಿಸಬಹುದು ಅಂತ ಪೇಟೆಂಟ್ ಪಡೆದವನು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್, 1902ರಲ್ಲಿ. ಅರ್ಧಂಬರ್ಧ ಗಟ್ಟಿ ಮಾಡಿದಾಗ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದಕ್ಕೇ 2022ರ ಜನವರಿಯಿಂದ ನಮ್ಮಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಅದು 2 ಶೇಕಡಾ ದಾಟುವಂತಿಲ್ಲ. ಪೂರ್ತಿ ಗಟ್ಟಿ ಮಾಡಿದರೆ ಹೈಡ್ರೋಜನ್ ಸೇರುವ ಜಾಗವಾದ ಜೋಡಿ ಬಂಧವೇ (ಡಬಲ್ ಬಾಂಡ್) ಉಳಿಯುವುದಿಲ್ಲ, ಹಾಗಾಗಿ ಟ್ರಾನ್ಸ್ ಕೂಡ ಉಳಿಯುವುದಿಲ್ಲ.

ರಿಯಾಕ್ಟರ್ ಸಿಕ್ಕಿದ್ದು ಬೀದರ್‌ನ ಒಂದು ಗುಜರಿಯಲ್ಲಿ. ಯಾವುದೋ ಔಷಧ ಕಾರ್ಖಾನೆ ಮಾರಿದ ಮಾಲು. ಎಸ್‌ಎಸ್ 316 ಅನ್ನುವ ತುಕ್ಕು ಹಿಡಿಯದ ಉಕ್ಕು, ಒಳ ಅಗಲ 150 ಮಿ.ಮೀ., ಆಳ 300 ಮಿ.ಮೀ., ಅಂದರೆ ಸುಮಾರು 5.3 ಲೀಟರ್. ಫಲಕದ ಮೇಲೆ 10 ಬಾರ್ ಅಂತ ಇತ್ತು. ದಪ್ಪ ಉಕ್ಕು, ಮುಚ್ಚಳ ಸೇರಿ 45 ಕಿಲೋ. ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹುಮನಾಬಾದ್ ದಾರಿಯಿಂದ ಬಂದೆವು. ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣು ತೆಗೆದುಕೊಂಡೆವು. ಇಡೀ ಪ್ರಾಜೆಕ್ಟ್‌ನಲ್ಲಿ ತಕರಾರಿಲ್ಲದೆ ನಡೆದ ಕೆಲಸ ಅದೊಂದೇ.

ಮೊದಲು ನೀರು ತುಂಬಿ 15 ಬಾರ್‌ಗೆ ಪರೀಕ್ಷೆ ಮಾಡಿಸಿದೆವು. ನಾವು ಓಡಿಸುವುದು 5 ಬಾರ್‌ಗೆ, ಆದರೂ ಹಳೇ ಮಾಲನ್ನು ನಂಬಬಾರದು. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ ರಿಲೀಫ್ ವಾಲ್ವನ್ನು 8ಕ್ಕೆ ಕೂರಿಸಿದೆವು. ಆಮೇಲೆ ಗ್ಲ್ಯಾಂಡ್ ಪ್ಯಾಕಿಂಗ್, ಅಂದರೆ ಕಲಕುವ ಪಂಖದ ಶಾಫ್ಟ್ ಮುಚ್ಚಳದಿಂದ ಹೊರಬರುವ ಜಾಗದಲ್ಲಿ ಸೋರದಂತೆ ತುರುಕುವ ಪ್ಯಾಕಿಂಗ್. ನೈಟ್ರೋಜನ್ ಹಾಕಿ ಸೋಪಿನ ನೀರು ಸುರಿದರೆ ಅಲ್ಲಿ ಇಡ್ಲಿ ಹಿಟ್ಟಿನ ಹಾಗೆ ಗುಳ್ಳೆ ಎದ್ದಿತು. ಎಷ್ಟು ಬಿಗಿ ಮಾಡಿದರೂ ನಿಲ್ಲಲಿಲ್ಲ. ಹೈಡ್ರೋಜನ್ ನೈಟ್ರೋಜನ್‌ಗಿಂತ ಸಣ್ಣ ಅಣು, ಇನ್ನೂ ಸುಲಭವಾಗಿ ನುಸುಳುತ್ತದೆ. ಗಾಳಿಯಲ್ಲಿ 4 ಶೇಕಡಾದಿಂದ 75 ಶೇಕಡಾವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ, ಉರಿ ಹಗಲಲ್ಲಿ ಕಣ್ಣಿಗೂ ಕಾಣುವುದಿಲ್ಲ. ಗ್ಲ್ಯಾಂಡ್ ಬಿಚ್ಚಿ ಬಿಸಾಡಿ ಹೈದರಾಬಾದ್‌ನಿಂದ ಮ್ಯಾಗ್ನೆಟಿಕ್ ಡ್ರೈವ್ ತರಿಸಿದೆವು. ಹೊರಗೆ ಒಂದು ಅಯಸ್ಕಾಂತ, ಒಳಗೆ ಒಂದು, ನಡುವೆ ಮುಚ್ಚಿದ ಉಕ್ಕಿನ ಟೋಪಿ. ಶಾಫ್ಟ್ ಹೊರಗೆ ಬರುವುದೇ ಇಲ್ಲ, ಸೋರುವ ದಾರಿಯೂ ಇಲ್ಲ. ಖರ್ಚಿನ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಅದೇ ಟೋಪಿ ಮುಂದೆ ನಮ್ಮ ಕಣ್ಣಿಗೂ ಟೋಪಿ ಹಾಕಿತು, ಅದನ್ನು ಆಮೇಲೆ ಹೇಳುತ್ತೇನೆ.

ಸೋರಿಕೆ ಪರೀಕ್ಷೆಯ ಒಂದು ತಮಾಷೆ. ಮೇ ತಿಂಗಳು. ಸಂಜೆ ನಾಲ್ಕಕ್ಕೆ ನೈಟ್ರೋಜನ್ 6.0 ಬಾರ್ ತುಂಬಿ ಮುಚ್ಚಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ 5.7. ಹುಡುಗರ ಮುಖ ಸಪ್ಪಗಾಯಿತು, ಮತ್ತೆ ಎಲ್ಲ ಬೋಲ್ಟ್ ಬಿಗಿ ಮಾಡಲು ಸ್ಪ್ಯಾನರ್ ಹಿಡಿದರು. ನಿಲ್ಲಿ ಅಂದೆ. ಸಂಜೆ ಲ್ಯಾಬ್ ಒಳಗೆ 41 ಡಿಗ್ರಿ ಇತ್ತು, ಬೆಳಿಗ್ಗೆ 27. ವಾತಾವರಣದ ಒತ್ತಡ ಸೇರಿಸಿದರೆ 7 ಬಾರ್. ಡಿಗ್ರಿಗಳಿಗೆ 273 ಸೇರಿಸಿ ಕೆಲ್ವಿನ್ ಮಾಡಿಕೊಂಡು, ಒತ್ತಡವನ್ನು 300ರಿಂದ ಗುಣಿಸಿ 314ರಿಂದ ಭಾಗಿಸಿದರೆ 6.69, ಅಂದರೆ ಗೇಜ್‌ನಲ್ಲಿ 5.7. ಸೋರಿಲ್ಲ, ತಣ್ಣಗಾಗಿದೆ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮುಳ್ಳು ತಾನಾಗೇ 6ಕ್ಕೆ ಬಂತು. ನಮ್ಮೂರಿನ ಬಿಸಿಲಲ್ಲಿ ಸೋರಿಕೆ ಪರೀಕ್ಷೆ ಮಾಡುವವರು ಗೇಜ್ ಪಕ್ಕ ಥರ್ಮಾಮೀಟರ್ ಇಡಲೇಬೇಕು.

ಮೊದಲ ಓಟಕ್ಕೆ ಗಾಣದ ಎಣ್ಣೆಯನ್ನೇ ಹಾಕಿದೆವು, 2.5 ಕಿಲೋ. ಅಯೋಡಿನ್ ವ್ಯಾಲ್ಯೂ 142. ಗೊತ್ತಿಲ್ಲದವರಿಗೆ: 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಅನ್ನುವ ಅಂಕಿ ಇದು. ಜೋಡಿ ಬಂಧ ಜಾಸ್ತಿ ಇದ್ದಷ್ಟೂ ಅಂಕಿ ಜಾಸ್ತಿ. ಪೂರ್ತಿ ಗಟ್ಟಿಯಾದರೆ ಸೊನ್ನೆಯ ಹತ್ತಿರ ಬರಬೇಕು. ಒಂದು ಅಂಕ ಇಳಿಸಲು ಕಿಲೋ ಎಣ್ಣೆಗೆ 0.88 ಲೀಟರ್ ಹೈಡ್ರೋಜನ್ ಬೇಕು, 0 ಡಿಗ್ರಿ ಮತ್ತು ವಾತಾವರಣದ ಒತ್ತಡದ ಲೆಕ್ಕದಲ್ಲಿ. ಅಂದರೆ ನಮಗೆ ಒಟ್ಟು 300 ಲೀಟರ್ ಮೇಲೆ. 7 ಘನ ಮೀಟರ್‌ನ ಒಂದು ಕೆಂಪು ಸಿಲಿಂಡರ್ ಇಪ್ಪತ್ತು ಓಟಕ್ಕೆ ಸಾಕು.

ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ನಿಕಲ್. ಕೊಬ್ಬಿನಲ್ಲಿ ಅದ್ದಿ ಚಕ್ಕೆ ಮಾಡಿದ್ದು, ಅದರಲ್ಲಿ 22 ಶೇಕಡಾ ನಿಕಲ್. ಎಣ್ಣೆಯ ತೂಕಕ್ಕೆ 0.05 ಶೇಕಡಾ ನಿಕಲ್ ಬೇಕೆಂದರೆ 5.7 ಗ್ರಾಂ ಚಕ್ಕೆ. ನೈಟ್ರೋಜನ್ 4 ಬಾರ್ ತುಂಬಿ ಬಿಡುವುದು, ಮೂರು ಸಲ. ಒಂದೊಂದು ಸಲಕ್ಕೆ ಒಳಗಿನ ಆಮ್ಲಜನಕ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. 21 ಶೇಕಡಾ ಇದ್ದದ್ದು ಮೂರನೇ ಸಲಕ್ಕೆ 0.17 ಆಗುತ್ತದೆ. ಇದನ್ನು ಬಿಟ್ಟು ಹೈಡ್ರೋಜನ್ ವಾಲ್ವ್ ಮುಟ್ಟುವಂತೆಯೇ ಇಲ್ಲ. ಸಿಲಿಂಡರ್ ಹೊರಗೆ ನೆರಳಲ್ಲಿ, ವೆಂಟ್ ಪೈಪ್ ಮಾಳಿಗೆ ಮೇಲಕ್ಕೆ, ಮೋಟಾರ್ ಫ್ಲೇಮ್‌ಪ್ರೂಫ್, ಮೇಲಿನ ಕಿಟಕಿಗಳು ತೆರೆದೇ ಇರಬೇಕು. ಓದಿಕೊಂಡು ಮನೆಯ ಹಿತ್ತಲಲ್ಲಿ ಪ್ರಯತ್ನಿಸುವ ಕೆಲಸ ಇದಲ್ಲ, ದಯವಿಟ್ಟು.

180 ಡಿಗ್ರಿ, 5 ಬಾರ್, ಆರು ತಾಸು. 142 ಇದ್ದದ್ದು 109 ಆಯಿತು. ಹೊರಗೆ ತೆಗೆದರೆ ಎಣ್ಣೆ ಹಾಗೇ ತೆಳ್ಳಗೆ ಸುರಿಯಿತು.

ಎಲ್ಲರೂ ಮೊದಲು ಬೈದದ್ದು ಕ್ಯಾಟಲಿಸ್ಟ್‌ಗೆ. ಆಮೇಲೆ ಎಣ್ಣೆಗೆ. ಎಣ್ಣೆಯ ಮೇಲೆ ಸಂಶಯ ಬಂದದ್ದು ಸರಿಯೇ. ಗಾಣದ ಎಣ್ಣೆಯಲ್ಲಿ ಅಂಟು ಇರುತ್ತದೆ, ಅದರಲ್ಲಿ ರಂಜಕ. ಅದು ಮತ್ತು ಗಂಧಕ, ಸೋಪು, ನೀರು, ಇವೆಲ್ಲ ನಿಕಲ್‌ಗೆ ವಿಷ. ಊಟಕ್ಕೆ ಗಾಣದ ಎಣ್ಣೆಯೇ ರುಚಿ, ನಿಕಲ್‌ಗೆ ಮಾತ್ರ ಆಗಿಬರುವುದಿಲ್ಲ. ಹಾಗಾಗಿ ಎರಡನೇ ಓಟಕ್ಕೆ ಸ್ವಲ್ಪ ಫಾಸ್ಫಾರಿಕ್ ಆಮ್ಲ ಹಾಕಿ ಬಿಸಿ ನೀರಿನಲ್ಲಿ ಅಂಟು ತೆಗೆದೆವು. ಕಾಸ್ಟಿಕ್‌ನಿಂದ ಹುಳಿ ತೆಗೆದು, ತೊಳೆದು, ನಿರ್ವಾತದಲ್ಲಿ ಒಣಗಿಸಿ, ಬ್ಲೀಚಿಂಗ್ ಮಣ್ಣು ಹಾಕಿ ಸೋಸಿದೆವು. ಎರಡು ದಿನದ ಕೆಲಸ. ಜೊತೆಗೆ ಕ್ಯಾಟಲಿಸ್ಟ್ ದುಪ್ಪಟ್ಟು. ಇನ್ನೊಂದು ತಪ್ಪನ್ನೂ ತಿದ್ದಿದೆವು. ಮೊದಲ ಸಲ ನೈಟ್ರೋಜನ್ ಮೇಲೇ ಹೈಡ್ರೋಜನ್ ತುಂಬಿದ್ದೆವು, ಒಳಗೆ 1 ಬಾರ್ ನೈಟ್ರೋಜನ್ ಸುಮ್ನೆ ಜಾಗ ಹಿಡಿದು ಕೂತಿತ್ತು. ಈ ಸಲ ಹೈಡ್ರೋಜನ್‌ನಿಂದಲೇ ಎರಡು ಸಲ ತುಂಬಿ ಬಿಟ್ಟು ಅದನ್ನು ಹೊರಗೆ ಹಾಕಿದೆವು.

ಆರು ತಾಸಿಗೆ 142ರಿಂದ 104. ಇಷ್ಟೆಲ್ಲ ಮಾಡಿ ಐದು ಅಂಕದ ಲಾಭ!

ನನಗೆ ಆಗ ತಲೆಗೆ ಹೊಳೆಯಿತು. ಕ್ಯಾಟಲಿಸ್ಟ್ ದುಪ್ಪಟ್ಟು ಮಾಡಿದರೂ ವೇಗ ಏರಲಿಲ್ಲ ಅಂದರೆ ಕೊರತೆ ಇರುವುದು ಕ್ಯಾಟಲಿಸ್ಟ್‌ದಲ್ಲ. ಹೈಡ್ರೋಜನ್ ಮೊದಲು ಎಣ್ಣೆಯಲ್ಲಿ ಕರಗಬೇಕು, ಕರಗಿದ್ದು ನಿಕಲ್ ಹತ್ತಿರ ಹೋಗಬೇಕು, ಅಲ್ಲಿ ಬಂಧಕ್ಕೆ ಸೇರಬೇಕು. ಎಣ್ಣೆಯಲ್ಲಿ ಹೈಡ್ರೋಜನ್ ಬಹಳ ಕಡಿಮೆ ಕರಗುತ್ತದೆ, ಅದಕ್ಕೇ ಮೊದಲ ಹೆಜ್ಜೆಯಲ್ಲೇ ಗಾಡಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನಲ್ಲಿ ಹನಿ ಹನಿಯಾಗಿ ತೊಟ್ಟಿಕ್ಕುವಾಗ ಮನೆಯಲ್ಲಿರುವ ಎಲ್ಲ ಕೊಡ ತಂದಿಟ್ಟರೆ ನೀರು ಜಾಸ್ತಿ ಬರುತ್ತದೆಯೇ? ನಾವು ಕೊಡ ಜೋಡಿಸುತ್ತಿದ್ದೆವು.

ಹೀಗೆ ಹೈಡ್ರೋಜನ್ ಬರಗಾಲ ಇದ್ದಾಗಲೇ ಟ್ರಾನ್ಸ್ ಕೂಡ ಜಾಸ್ತಿ ಹುಟ್ಟುವುದು. ಜೋಡಿ ಬಂಧ ನಿಕಲ್ ಮೇಲೆ ಕೂತು ಒಂದು ಹೈಡ್ರೋಜನ್ ಹಿಡಿದುಕೊಂಡು ಎರಡನೆಯದಕ್ಕೆ ಕಾಯುತ್ತದೆ. ಬರದಿದ್ದರೆ ಹಿಡಿದದ್ದನ್ನೂ ಬಿಟ್ಟು ಎದ್ದು ಹೋಗುತ್ತದೆ, ಹೋಗುವಾಗ ಸಿಸ್ (ಎಣ್ಣೆಯಲ್ಲಿ ಸಹಜವಾಗಿರುವ ಬಾಗಿದ ಆಕಾರ) ಇದ್ದದ್ದು ತಿರುಚಿಕೊಂಡು ಟ್ರಾನ್ಸ್ (ನೇರ ಆಕಾರ) ಆಗಿ ಹೋಗುತ್ತದೆ. ರಿಯಾಕ್ಟರ್‌ನಲ್ಲಿ ಕಲಕುವುದು, ಒತ್ತಡ, ಬಿಸಿ ಇವುಗಳ ಹಿಡಿತ ಎಷ್ಟು ಮುಖ್ಯ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಒಳಗೆ ಏನಾಗುತ್ತಿದೆ ಅಂತ ಉಕ್ಕಿನ ಪಾತ್ರೆಯಲ್ಲಿ ಕಾಣುವುದಿಲ್ಲ. ಅದಕ್ಕೆ 150 ಮಿ.ಮೀ.ನ ಅಕ್ರಿಲಿಕ್ ಪೈಪ್ ತುಂಡು ತಂದು ಅಡಿಗೆ ತಟ್ಟೆ ಅಂಟಿಸಿ, ಎಣ್ಣೆ ಹಾಕಿ, ಹಳೇ ಶಾಫ್ಟನ್ನು ಡ್ರಿಲ್ ಮಷಿನ್‌ಗೆ ಸಿಗಿಸಿ ತಿರುಗಿಸಿದೆವು. ಅಯ್ಯೋ. ಅಡಿಯಲ್ಲಿ ಒಂದೇ ಒಂದು ಸಣ್ಣ ಪಂಖ, ಅದರ ಜೊತೆ ಇಡೀ ಎಣ್ಣೆ ರಂಗೋಲಿ ಸುತ್ತಿದ ಹಾಗೆ ಒಟ್ಟಿಗೆ ಸುತ್ತುತ್ತಿತ್ತು. ಸುತ್ತುವುದು ಬೇರೆ, ಕಲಸುವುದು ಬೇರೆ. ಒಂದು ಗುಳ್ಳೆಯೂ ಒಳಗೆ ಇಳಿಯಲಿಲ್ಲ. ಮೇಲಿನ ಗಾಳಿ ಮೇಲೆ, ಕೆಳಗಿನ ಎಣ್ಣೆ ಕೆಳಗೆ.

ಈ ತರದ ರಿಯಾಕ್ಟರ್‌ಗೆ ಡೆಡ್-ಎಂಡ್ ಅನ್ನುತ್ತಾರೆ. ಹೈಡ್ರೋಜನ್ ಒಳಗೆ ಬರುತ್ತದೆ, ಹೊರಗೆ ಹೋಗುವ ದಾರಿ ಇಲ್ಲ. ಅಡಿಯಿಂದ ಬಿಟ್ಟ ಗುಳ್ಳೆ ಎರಡು ಸೆಕೆಂಡಿನಲ್ಲಿ ಮೇಲೆ ಬಂದು ಖಾಲಿ ಜಾಗದಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿಂದ ಅದನ್ನು ಮತ್ತೆ ಕೆಳಗೆ ಎಳೆದು ತರುವವರು ಯಾರು? ಅದನ್ನು ಮಾಡುವ ಪಂಖ ಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಟೊಳ್ಳು ಶಾಫ್ಟ್ ಮೂಲಕ ಗ್ಯಾಸ್ ಎಳೆಯುತ್ತಾರೆ, ಇಲ್ಲವೇ ಎಣ್ಣೆಯನ್ನೇ ಪಂಪ್‌ನಿಂದ ಹೊರಗೆ ತೆಗೆದು ವೆಂಚುರಿ ಅನ್ನುವ ಕಿರಿದಾದ ಕೊರಳಿನ ಕೊಳವೆಯಲ್ಲಿ ಗ್ಯಾಸ್ ಜೊತೆ ಚಿಮ್ಮಿಸುವ ಲೂಪ್ ರಿಯಾಕ್ಟರ್ ಇಡುತ್ತಾರೆ. ನಮ್ಮ ಜೇಬಿಗೆ ಎರಡು ಪಂಖವೇ ಸರಿ.

ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನನಗೆ ಪರಿಚಯದ ಲೇಥ್ ಕಾಕಾ ಒಬ್ಬರು ಇದ್ದಾರೆ. ಅವರಿಂದ ಕೆಳಗಿನದಕ್ಕೆ ಆರು ನೆಟ್ಟನೆ ರೆಕ್ಕೆಯ ರಷ್ಟನ್ ಪಂಖ ಮಾಡಿಸಿದೆವು, ಅಗಲ 50 ಮಿ.ಮೀ., ಅಂದರೆ ಪಾತ್ರೆಯ ಅಗಲದ ಮೂರನೇ ಒಂದು ಪಾಲು. ಇದು ಗುಳ್ಳೆ ಒಡೆದು ಪುಡಿ ಮಾಡುತ್ತದೆ. ಅದರ ಕೆಳಗೆ ಹೈಡ್ರೋಜನ್ ಬರುವ ತೂತಿನ ಕೊಳವೆ. ಮೇಲೆ, ಎಣ್ಣೆಯ ಮಟ್ಟದಿಂದ 40 ಮಿ.ಮೀ. ಕೆಳಗೆ, 45 ಡಿಗ್ರಿ ಓರೆ ರೆಕ್ಕೆಯ ಇನ್ನೊಂದು ಪಂಖ. ಅದು ಎಣ್ಣೆಯನ್ನು ಕೆಳಕ್ಕೆ ತಳ್ಳಬೇಕು, ತಳ್ಳುವಾಗ ಮೇಲಿನ ಗ್ಯಾಸನ್ನೂ ಎಳೆದುಕೊಂಡು ಹೋಗಬೇಕು. ಮಟ್ಟ ಲೆಕ್ಕ ಹಾಕುವಾಗ ಬಿಸಿ ಎಣ್ಣೆಯದ್ದನ್ನು ಹಾಕಬೇಕು. ತಣ್ಣಗಿದ್ದಾಗ 2.7 ಲೀಟರ್ ಇದ್ದದ್ದು 180 ಡಿಗ್ರಿಗೆ 3 ಲೀಟರ್ ದಾಟುತ್ತದೆ.

ಇನ್ನು ಅಡ್ಡಪಟ್ಟಿಗಳು, ಅಂದರೆ ಬ್ಯಾಫಲ್. ಇವಿಲ್ಲದಿದ್ದರೆ ಯಾವ ಪಂಖ ಹಾಕಿದರೂ ಎಣ್ಣೆ ಸುಮ್ನೆ ಸುತ್ತುತ್ತದೆ. ಪಾತ್ರೆಯ ಗೋಡೆಗೆ ವೆಲ್ಡ್ ಮಾಡೋಣ ಅಂದರು ಹುಡುಗರು. ಒತ್ತಡದ ಪಾತ್ರೆಗೆ ಸಿಕ್ಕಸಿಕ್ಕಲ್ಲಿ ವೆಲ್ಡ್ ಹೊಡೆದರೆ ಆ 15 ಬಾರ್ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಉಪಾಯ ಕಾಕಾದ್ದು. ತಂಪು ಮಾಡುವ ಸುರುಳಿ ಹೇಗೂ ಮುಚ್ಚಳದಿಂದ ತೂಗಬೇಕಿತ್ತು, ಅದನ್ನು ಹಿಡಿದಿಡಲು ನಾಲ್ಕು ಕಂಬಿ ಬೇಕಿತ್ತು. ಕಂಬಿ ಬದಲು 15 ಮಿ.ಮೀ. ಅಗಲದ ನಾಲ್ಕು ಪಟ್ಟಿ ಹಾಕಿದರು. ಸುರುಳಿಗೆ ಆಸರೆಯೂ ಆಯಿತು, ಬ್ಯಾಫಲ್ಲೂ ಆಯಿತು, ಮುಚ್ಚಳ ಎತ್ತಿದರೆ ಎಲ್ಲ ಹೊರಗೆ. ಅಕ್ರಿಲಿಕ್ ಪೈಪ್‌ನಲ್ಲಿ ಇದನ್ನೆಲ್ಲ ಇಳಿಸಿ ಡ್ರಿಲ್ ಒತ್ತಿದರೆ ಎಣ್ಣೆ ಮಜ್ಜಿಗೆ ಕಡೆದ ಹಾಗೆ ಬೆಳ್ಳಗಾಯಿತು. ಅಷ್ಟೂ ಗುಳ್ಳೆ. ಒಬ್ಬ ಹುಡುಗ ಶಿಳ್ಳೆ ಹೊಡೆದ.

ಮೂರನೇ ಓಟ. ನಾಲ್ಕು ತಾಸಿಗೆ 142ರಿಂದ 82.

ಮೊದಲಿಗಿಂತ ವಾಸಿ, ಆದರೆ ಅಕ್ರಿಲಿಕ್‌ನಲ್ಲಿ ಕಂಡದ್ದಕ್ಕೆ ಇದು ಏನೇನೂ ಅಲ್ಲ. ಮುಳ್ಳು ಒಂದು ಬಾರ್ ಇಳಿಯಲು ಇನ್ನೂ ಎರಡೂವರೆ ನಿಮಿಷ. 1000 ಆರ್‌ಪಿಎಂ ಇದ್ದದ್ದನ್ನು 1200 ಮಾಡಿದೆವು. ಏನೂ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಮತ್ತೆ ಕ್ಯಾಟಲಿಸ್ಟ್ ಮೇಲೆ ಸಂಶಯ, ಎಣ್ಣೆ ಮೇಲೆ ಸಂಶಯ, ಒಬ್ಬರ ಮೇಲೊಬ್ಬರಿಗೆ ಸಂಶಯ. ಒಂದು ವಾರ ಹೀಗೇ ಹೋಯಿತು.

ಕಾಕಾ ಬಾಕಿ ದುಡ್ಡು ಕೇಳಲು ಲ್ಯಾಬ್‌ಗೆ ಬಂದಿದ್ದರು. ರಿಯಾಕ್ಟರ್ ಓಡುತ್ತಿತ್ತು, ಒಳಗೆ ಬರೇ ನೈಟ್ರೋಜನ್. ಅವರು ಮೋಟಾರ್ ಹಿಂದಿನ ಫ್ಯಾನ್ ಜಾಲರಿಯಲ್ಲಿ ಬಗ್ಗಿ ನೋಡಿದರು. "ಸರ, ಇದು ಉಲ್ಟಾ ತಿರಗಲತದ ನೋಡ್ರಿ. ನಾ ರೆಕ್ಕಿ ಕೊಯ್ದಿದ್ದು ಈ ಕಡಿಗಲ್ಲ."

ಮೋಟಾರ್ ನಡುವೆ ಒಮ್ಮೆ ರಿಪೇರಿಗೆ ಹೋಗಿ ಬಂದಿತ್ತು. ವಾಪಸ್ ಬಂದಾಗ ಮೂರು ತಂತಿ ಜೋಡಿಸಿದವನು ನಾನೇ. ತ್ರೀ-ಫೇಸ್ ಮೋಟಾರ್‌ನಲ್ಲಿ ಎರಡು ತಂತಿ ಅದಲು ಬದಲಾದರೆ ದಿಕ್ಕು ಉಲ್ಟಾ. ಗ್ಲ್ಯಾಂಡ್ ಇದ್ದಿದ್ದರೆ ಶಾಫ್ಟ್ ತಿರುಗುವುದು ಕಣ್ಣಿಗೆ ಕಾಣುತ್ತಿತ್ತು, ಮ್ಯಾಗ್ನೆಟಿಕ್ ಡ್ರೈವ್ ಎಲ್ಲ ಮುಚ್ಚಿಕೊಂಡಿತ್ತು. ಕೆಳಗಿನ ನೆಟ್ಟನೆ ರೆಕ್ಕೆಗೆ ಯಾವ ದಿಕ್ಕಾದರೂ ಒಂದೇ, ಅದಕ್ಕೇ ಅಷ್ಟಾದರೂ ಕೆಲಸ ಆಗಿತ್ತು. ಮೇಲಿನ ಓರೆ ರೆಕ್ಕೆ ಮಾತ್ರ ಎಣ್ಣೆಯನ್ನು ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ತಳ್ಳುತ್ತಿತ್ತು, ಗ್ಯಾಸ್ ಎಳೆಯುವ ಮಾತೇ ಇಲ್ಲ. ಡ್ರಿಲ್ ಮಷಿನ್ ಸರಿ ದಿಕ್ಕಿಗೆ ತಿರುಗುತ್ತದೆ, ಅಕ್ರಿಲಿಕ್‌ನಲ್ಲಿ ಮಜ್ಜಿಗೆ ಬಂದದ್ದು ಅದಕ್ಕೆ. ಕಾಕಾಗೆ ಅವತ್ತೇ ಪೂರ್ತಿ ಬಾಕಿ ಕೊಟ್ಟೆ. ಮೋಟಾರ್ ಮೇಲೆ ಕೆಂಪು ಬಣ್ಣದಲ್ಲಿ ಬಾಣ ಬರೆಸಿದೆ.

ನಾಲ್ಕನೇ ಓಟಕ್ಕೆ ವಾಲ್ವ್ ಮುಚ್ಚಿ ಗಡಿಯಾರ ಒತ್ತಿದರೆ 5ರಿಂದ 4ಕ್ಕೆ 14 ಸೆಕೆಂಡ್! ಯಾರೋ ಗೇಜ್ ಕೆಟ್ಟಿದೆ ಅಂದರು. ಮತ್ತೆ ತುಂಬಿ ನೋಡಿದರೂ ಅಷ್ಟೇ.

ಖುಷಿಯ ಜೊತೆಗೇ ಇನ್ನೊಂದು ಭಯ ಶುರುವಾಯಿತು, ಬಿಸಿ. ಈ ಕ್ರಿಯೆ ಶಾಖ ಕಕ್ಕುತ್ತದೆ. ಅಯೋಡಿನ್ ವ್ಯಾಲ್ಯೂ ಒಂದು ಅಂಕ ಇಳಿದರೆ ಎಣ್ಣೆ ಸುಮಾರು 1.6 ಡಿಗ್ರಿ ಏರುತ್ತದೆ. 140 ಅಂಕ ಇಳಿಸುವವರಿಗೆ 220 ಡಿಗ್ರಿಗೂ ಮೇಲೆ ಏರಿಕೆ, ಅದೂ 180ರಿಂದ ಶುರುಮಾಡಿ. ನಮ್ಮಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಎರಡೂವರೆ ಕಿಲೋ ಎಣ್ಣೆಗೆ 45 ಕಿಲೋ ಉಕ್ಕು ಇದೆ, ಬಹಳಷ್ಟು ಶಾಖ ಅದೇ ನುಂಗಿತು. ಹೀಟರ್ ಆರಿಸಿದ್ದರೂ ಇಪ್ಪತ್ತು ನಿಮಿಷದಲ್ಲಿ 198ಕ್ಕೆ ಬಂತು, ಅಷ್ಟೇ. ಆದರೆ ಟನ್‌ಗಟ್ಟಲೆ ಎಣ್ಣೆಯ ಪಾತ್ರೆಯಲ್ಲಿ ಈ ಅನುಕೂಲ ಇರುವುದಿಲ್ಲ. ಅಲ್ಲಿ ಉಕ್ಕಿಗಿಂತ ಎಣ್ಣೆಯೇ ಜಾಸ್ತಿ. ಹುಡುಗರ ವರದಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿದೆ. ಸಣ್ಣ ರಿಯಾಕ್ಟರ್‌ನಲ್ಲಿ ತಣ್ಣಗಿತ್ತು ಅಂತ ದೊಡ್ಡದಕ್ಕೆ ಸುರುಳಿ ಕಡಿಮೆ ಹಾಕಿದರೆ ಕೆಟ್ಟಂತೆ.

ಸುರುಳಿಗೆ ನೀರು ಬಿಟ್ಟಾಗ ಇನ್ನೊಂದು ಗಾಬರಿ. 195 ಡಿಗ್ರಿಯ ಕೊಳವೆಗೆ ನೀರು ಹೋದ ತಕ್ಷಣ ಆವಿಯಾಗಿ ಡಬ ಡಬ ಅಂತ ಬಡಿಯತೊಡಗಿತು, ಪೈಪ್ ಕುಣಿಯಿತು. ಎಲ್ಲರೂ ಬಾಗಿಲ ಕಡೆ ನೋಡಿದರು, ನಾನೂ ನೋಡಿದೆ. ಈಗ ಮೊದಲು ಕಂಪ್ರೆಸರ್ ಗಾಳಿ ಬಿಟ್ಟು, ಆಮೇಲೆ ಅದರ ಜೊತೆ ಹನಿ ಹನಿಯಾಗಿ ನೀರು ಬಿಡುತ್ತೇವೆ.

ಕೊನೆಯ ಅಂಕಗಳು ನಿಧಾನ. ಬಂಧಗಳು ಕಡಿಮೆಯಾದಷ್ಟೂ ಹುಡುಕಿ ಹಿಡಿಯುವುದು ಕಷ್ಟ. ಎರಡು ತಾಸು ಇಪ್ಪತ್ತು ನಿಮಿಷಕ್ಕೆ ಅಯೋಡಿನ್ ವ್ಯಾಲ್ಯೂ 3. ಒಂದು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಬಿಟ್ಟರೆ ಆ 40 ಡಿಗ್ರಿ ಬಿಸಿಲಲ್ಲೂ ಬೆಳ್ಳಗೆ ಗಟ್ಟಿಯಾಯಿತು, ಉಗುರಿನಿಂದ ಕೆರೆದರೆ ಪುಡಿ.

ಸೋಸಿದ ಕಾಗದದ ಬಗ್ಗೆ ಒಂದು ಮಾತು. ಮಾದರಿ ಎಣ್ಣೆ ಸೋಸಿದ ಕಾಗದವನ್ನು ಒಬ್ಬ ಕಸದ ಬುಟ್ಟಿಗೆ ಹಾಕಿದ್ದ. ಊಟ ಮುಗಿಸಿ ಬಂದರೆ ಬುಟ್ಟಿಯಿಂದ ಹೊಗೆ. ಬಳಸಿದ ನಿಕಲ್ ಪುಡಿ ಗಾಳಿಗೆ ತಾನಾಗಿ ಕಾಯುತ್ತದೆ, ಎಣ್ಣೆ ಹಿಡಿದ ಕಾಗದ ಅದಕ್ಕೆ ಬತ್ತಿ. ಈಗ ಅದನ್ನು ಎಣ್ಣೆ ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ ಇಡುತ್ತೇವೆ.

ಮೇಣದಬತ್ತಿಯೂ ಆಯಿತು. ಆರಿದ ಮೇಲೆ ನಡುವೆ ಸೀಳಿತು, ಈ ಕೊಬ್ಬು ಒಂದೇ ತರದ್ದು, ಬಲು ಪೆಡಸು. ಸ್ವಲ್ಪ ಗಟ್ಟಿ ಮಾಡದ ಎಣ್ಣೆ ಬೆರೆಸಿ ಹಣತೆಯಲ್ಲಿ ಹೊಯ್ದಾಗ ಸರಿ ಬಂತು.

ಆದರೆ ನಾಲ್ಕನೇ ಓಟದ ಸಂಜೆ ನಾವು ಮಾಡಿದ ಕೆಲಸ ಕೇಳಿ. ಗೆದ್ದ ಖುಷಿಯಲ್ಲಿ ಮಾದರಿ ಮಾತ್ರ ತೆಗೆದು, ಹೈಡ್ರೋಜನ್ ಬಿಟ್ಟು, ನೈಟ್ರೋಜನ್ ಹಾಕಿ, ಎಲ್ಲರೂ ಮನೆಗೆ ಹೋದೆವು. ಬೆಳಿಗ್ಗೆ ಬಂದು ಸ್ವಿಚ್ ಒತ್ತಿದರೆ ಮೋಟಾರ್ ತಿರುಗಿತು, ಬಾಣದ ದಿಕ್ಕಿಗೇ ತಿರುಗಿತು, ಮೇಲೆ ಮಾತ್ರ ಕಟ ಕಟ ಸದ್ದು. ಒಳಗೆ ಎರಡೂವರೆ ಕಿಲೋ ಕೊಬ್ಬು ಒಂದೇ ಗಟ್ಟಿ, ಅದರೊಳಗೆ ಎರಡೂ ಪಂಖ, ಸುರುಳಿ, ನಾಲ್ಕು ಪಟ್ಟಿ, ಕೊಳವೆಯ ತೂತು ಎಲ್ಲ ಹೂತು ಹೋಗಿವೆ. ಹೊರಗಿನ ಅಯಸ್ಕಾಂತ ಒಳಗಿನದನ್ನು ಎಳೆಯಲಾರದೆ ಜಾರುತ್ತಿತ್ತು. ಹೀಟರ್ ಹಾಕಿ, ಸುರುಳಿಗೆ ಹಬೆ ಬಿಟ್ಟು, ಅಡಿಯ ವಾಲ್ವ್‌ಗೆ ಹೀಟ್ ಗನ್ ಹಿಡಿದು ಕೂತೆವು. ಎಲ್ಲ ಕರಗಿ ಇಳಿಯುವಷ್ಟರಲ್ಲಿ ಮಧ್ಯಾಹ್ನ ಎರಡು.